ಮೂವತ್ತೊಂದು ಗವಸು

ನನ್ನ ಮೊದಲ ಚಿತ್ರ ಒಟ್ಟು ಹನ್ನೊಂದು ನಿಮಿಷ,
ಅದರಲ್ಲಿ ನಾಲ್ಕು ನಿಮಿಷ ಬರೀ ಗಾಳಿ.
ಮೈಕಿಗೂ ಒಂದು ಟೊಪ್ಪಿ ಬೇಕೆಂದು
ಯಾರೂ ಹೇಳಿರಲಿಲ್ಲ.
ಮುಹರ್ರಕ್ಕಿನ ಹಳೇ ದೋಣಿಕಟ್ಟೆಯಲ್ಲಿ
ಬಲೆ ಹೆಣೆಯುತ್ತಿದ್ದ ಮುದುಕ
ಕಡಲಿನ ಬಗ್ಗೆ ಏನೋ ದೊಡ್ಡದು ಹೇಳಿದ.
ತುಟಿ ಕಾಣುತ್ತದೆ, ಕೈ ಕಾಣುತ್ತದೆ,
ಮಾತನ್ನು ಶಮಾಲ್ ಗಾಳಿ ಎತ್ತಿಕೊಂಡು ಹೋಗಿದೆ.
ಏನಂದನೇ ಎಂದು ಉಮ್ಮ ಕೇಳಿದಾಗೆಲ್ಲ
ಒಂದೊಂದು ಸಲ ಒಂದೊಂದು ಹೇಳುತ್ತೇನೆ.

ಎರಡನೆಯದು ಚಿತ್ರವಲ್ಲ, ಪ್ರಾಜೆಕ್ಟು.
ಆ ಪದ ಆಗಷ್ಟೇ ಕಲಿತಿದ್ದೆ,
ಹೊಸ ಚಪ್ಪಲಿಯ ಹಾಗೆ
ಮನೆಯೊಳಗೂ ಹಾಕಿಕೊಂಡು ತಿರುಗುತ್ತಿದ್ದೆ.
ಬಾಪಾನ ಸ್ಪೇರ್ ಪಾರ್ಟ್ಸ್ ವ್ಯಾನಿನಲ್ಲಿ
ಸಲ್ಮಾಬಾದಿನ ಕ್ಯಾಂಪಿಗೆ ಹೋದೆ:
ಒಂದು ಡಬ್ಬ ಮಾರ್ಕರ್ ಪೆನ್ನು, ಒಂದು ಡಬ್ಬ ಜಿಲೇಬಿ.
"ನಿಮ್ಮ ತಲೆದಿಂಬಿನ ಗವಸು ಕೊಡಿ,
ನಿನ್ನೆ ಕಂಡ ಕನಸು ಅದರ ಮೇಲೆ ಬರೀರಿ."
ಹಿಂದಿಯಲ್ಲಿ ಅಂದೆ, ಮುರುಕು ಮಲಯಾಳದಲ್ಲಿ ಅಂದೆ,
ಕೊನೆಗೆ ಮೂಲೆಯ ಮಂಚದಿಂದೊಂದು ದನಿ:
"ಕನ್ನಡದಾಗ ಅನ್ರಿ, ತಿಳೀತದ."

ಲಿಂಗಸೂಗೂರಿನ ಮಾನಪ್ಪ. ಸೆಂಟ್ರಿಂಗ್ ಕೆಲಸ.

ಸಿಲ್ಹೆಟಿನ ಹುಡುಗ ದೋಣಿ ಬರೆದ,
ದೋಣಿಯ ನಡುವೆ ಒಂದು ಫ್ರಿಜ್ಜು.
ಕರೀಂನಗರದವನು ಬರೀ ಅಂಕಿ ಬರೆದ,
ಕೂಡಿಸಿ, ಕಳೆದು, ಕೆಳಗೆ ಎರಡು ಗೆರೆ ಎಳೆದ.
ನೇಪಾಳದ ಅಣ್ಣ ತಮ್ಮ ಒಂದೇ ಗವಸಿಗೆ ಜಗಳವಾಡಿದರು.
ಮಾನಪ್ಪ ಮಾತ್ರ ಪೆನ್ನು ಮುಟ್ಟಲಿಲ್ಲ.
"ನನಗ ಕನಸು ಬೀಳಂಗಿಲ್ಲವ್ವ. ಹಂಗ ಒಯ್ಯಿ.
ಕಲಿ ಆಗ್ಯದ ನೋಡು, ಭೃಂಗರಾಜ ಎಣ್ಣಿ,
ಮನಿಯಾಕಿ ಕಳಸ್ತಾಳ."

ಮುತ್ತಿನ ವ್ಯಾಪಾರಿಯೊಬ್ಬನ ಹಳೇ ಮನೆ,
ಅಂಗಳಕ್ಕೆ ಅಡ್ಡ ಹಗ್ಗ, ಹಗ್ಗಕ್ಕೆ ಮೂವತ್ತೊಂದು ಗವಸು.
ಏಲಕ್ಕಿ ಗಹ್ವಾ, ಖರ್ಜೂರ, ಮೆಲುದನಿಯ ಜನ.
ಎಲ್ಲಕ್ಕಿಂತ ಹೆಚ್ಚು ಹೊತ್ತು ಅವರು ನಿಂತದ್ದು
ಮಾನಪ್ಪನ ಕಲೆಯ ಮುಂದೆ.
ಒಬ್ಬಾಕೆಗೆ ಅದು ದ್ವೀಪ.
ಇನ್ನೊಬ್ಬರಿಗೆ ಕಳೆದುಹೋದ ಊರಿನ ನಕಾಶೆ.
ಕನ್ನಡಕ ತೆಗೆದು ಒರೆಸಿಕೊಂಡವರೂ ಇದ್ದರು.
ನಾನು ಎಣ್ಣೆ ಎನ್ನಲಿಲ್ಲ.
ಹೂಂ ಅಂದೆ.
ಎದೆಯ ಮೇಲೆ ಕೈಯಿಟ್ಟು ಹೂಂ ಅಂದೆ.

ಬರೆದವರು ಯಾರೂ ಬಂದಿರಲಿಲ್ಲ.
ಅವತ್ತು ಓವರ್‌ಟೈಮ್.

ಹತ್ತನೇ ದಿನ ಫೋನು:
"ಅವ್ವಾ, ಗವಸು ಯಾವಾಗ ಕೊಡ್ತಿ?
ಬರೇ ದಿಂಬು ಕೆನ್ನಿಗೆ ಚುಚ್ಚತದ.
ಅಂಗಡ್ಯಾಗ ಕೇಳಿದ್ನಿ, ಜೋಡಿನ ತಗೋಬೇಕಂತ.
ಒಬ್ಬಂವ ಎರಡು ತಗೊಂಡು ಏನ್ ಮಾಡ್ಲಿ?"

ಆ ರಾತ್ರಿ ನಾನೂ ಉಮ್ಮಾನೂ
ಬಚ್ಚಲಲ್ಲಿ ಕೂತು ಒಗೆದೆವು.
ಮಾರ್ಕರ್ ಬಿಡಲಿಲ್ಲ. ದೋಣಿ ಉಳಿಯಿತು,
ಫ್ರಿಜ್ಜು, ಸಾಲದ ಕೆಳಗಿನ ಎರಡು ಗೆರೆ, ಎಲ್ಲ ಉಳಿಯಿತು.
ಹೋದದ್ದು ದ್ವೀಪ,
ಬಿಸಿನೀರಿಗೆ, ಎರಡೇ ಉಜ್ಜಿಗೆ.
"ಇದನ್ನೆಲ್ಲ ಫಿಲಂ ತೆಗೆಯೂದಿಲ್ವಾ ಮಾರಾಯ್ತಿ?"
ಮೊಣಕೈವರೆಗೆ ನೊರೆಯಲ್ಲಿ ಉಮ್ಮ.
ಕ್ಯಾಮರಾ ಪಕ್ಕದ ಕೋಣೆಯಲ್ಲಿತ್ತು.
ನನ್ನ ಕೈ ಒದ್ದೆಯಿತ್ತು.

ಮಾನಪ್ಪ ತನ್ನದನ್ನು ಮೂಸಿ ನೋಡಿದ,
ತಿರುವಿ ಹಾಕಿ ನೋಡಿದ.
"ಇದು ನಂದ ಏನ?"

ಮೂವತ್ತು ಮರಳಿಸಿದೆ.
ಸಿಲ್ಹೆಟಿನ ಹುಡುಗನನ್ನು ಬೇರೆ ಸೈಟಿಗೆ ಒಯ್ದಿದ್ದಾರೆ,
ನಂಬರು ತಾಗುವುದಿಲ್ಲ.

ಈಗ ದೊಡ್ಡ ಚಿತ್ರಕ್ಕೆ ಅರ್ಜಿ ತುಂಬುತ್ತಿದ್ದೇನೆ.
ಏಳನೇ ಕಾಲಂ:
ಹಿಂದಿನ ಕೆಲಸದಿಂದ ಪ್ರಯೋಜನ ಪಡೆದವರ ಸಂಖ್ಯೆ.
ಮೂವತ್ತೊಂದು ಎಂದು ಒತ್ತಿದೆ, ಅಳಿಸಿದೆ,
ಎಂಟಕ್ಕೆ ಹೋದೆ.

ನಿನ್ನೆ ಗಾಳಿಯೆದ್ದಾಗ
ದೋಣಿಯ ಗವಸನ್ನು ಮಡಚಿ ಮೈಕಿಗೆ ಸುತ್ತಿ
ದೋಣಿಕಟ್ಟೆಗೆ ಹೋಗಿ ನಿಂತೆ.
ಚೆನ್ನಾಗಿ ಕೇಳುತ್ತದೆ:
ಹಗ್ಗ ಕಿರುಗುಡುವುದು, ನೀರು, ಯಾರೋ ಕೆಮ್ಮುವುದು.
ಬಿಚ್ಚಿ ಚೀಲದಲ್ಲಿಟ್ಟೆ.
ಅದು ಅವನದು.